ಎಂಜಲಾಗದ ಕೊಳವೆ

ಅಣ್ಣ ತೀರಿಕೊಂಡ ಮೇಲೆ ನನಗೆ ಮೋಟಾರುಗಳ ಕಾಟ ಶುರುವಾಯಿತು. ಸಾಗರದಲ್ಲಿ ನಮ್ಮ ಬೀದಿಯ ಹಿಟ್ಟಿನ ಗಿರಣಿ ಬೆಳಿಗ್ಗೆ ಹತ್ತಕ್ಕೆ ತಿರುಗಲು ಶುರುವಾದರೆ ಅದರ ತಳದಲ್ಲಿ ಒಂದು ಸ್ವರ ಕೇಳುತ್ತದೆ. ನೆಂಟರನ್ನು ಹೊನ್ನೆಮರಡಿಗೆ ಕರೆದುಕೊಂಡು ಹೋದರೆ ಹಿನ್ನೀರಿನ ಆಚೆ ಎಲ್ಲೋ ಓಡುವ ಪಂಪಿನಲ್ಲೂ ಅದೇ ಸ್ವರ. ಹಾರ್ಮೋನಿಯಂನವರು ಕರಿ ಎರಡು ಎನ್ನುತ್ತಾರಲ್ಲ, ಎರಡನೇ ಕಪ್ಪು ಮನೆ, ಅದು. ಆದರೆ ಸರಿಯಾಗಿ ಅಲ್ಲೇ ನಿಂತಿರುವುದಿಲ್ಲ, ಸ್ವಲ್ಪ ಮೇಲಕ್ಕೆ ಏರಿರುತ್ತದೆ. ಫೋನಿನಲ್ಲಿ ಶ್ರುತಿ ಅಳೆಯುವ ಆಪ್ ಹಾಕಿಕೊಂಡಿದ್ದೇನೆ. ಅದನ್ನು ಹಿಡಿದರೆ ಗಿರಣಿಗೆ ಒಂದು ಸ್ವರ, ಪಂಪಿಗೆ ಇನ್ನೊಂದು ಸ್ವರ ತೋರಿಸುತ್ತದೆ. ಕಿವಿ ಒಪ್ಪುವುದಿಲ್ಲ. ಕಿವಿ ಡಾಕ್ಟರಿಗೆ ತೋರಿಸಿ ಎಂದು ಹೆಂಡತಿ ಹೇಳಿದಳು. ತೋರಿಸಿದೆ. ಕಿವಿ ಚೆನ್ನಾಗಿದೆಯಂತೆ.

ಕಿವಿ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದೇ ನನಗೆ ಹೆದರಿಕೆಯಾಯಿತು. ಕೆಟ್ಟಿದ್ದರೆ ಒಳ್ಳೆಯದಿತ್ತು.

ನಮ್ಮದು ಬ್ಯಾಂಡ್ ಸೆಟ್ಟಿನ ಮನೆ. ಅಜ್ಜನ ಕಾಲದಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮದುವೆ ದಿಬ್ಬಣಗಳಿಗೆ, ಗಣಪತಿ ಬಿಡುವ ಮೆರವಣಿಗೆಗಳಿಗೆ ನಮ್ಮದೇ ಬಾಜಾ. ನಾನು ಕ್ಲಾರಿನೆಟ್ಟು. ಅಪ್ಪನ ನಂತರ ಸೆಟ್ಟಿನ ಮಾಸ್ಟರೂ ನಾನೇ. ನನಗಿಂತ ಎಂಟು ವರ್ಷ ದೊಡ್ಡವನಾದ ಅಣ್ಣ ಇರುವಾಗ ನಾನು ಹೇಗೆ ಮಾಸ್ಟರಾದೆ ಎಂದು ಕೇಳಿದರೆ, ನನ್ನ ಬಾಯಿ ದೊಡ್ಡದು, ಅಷ್ಟೇ. ಅಣ್ಣ ಮಾತಿಗೆ ಮುಂದೆ ಬರುವವನಲ್ಲ. ಅವನು ಸಾಲಿನ ಕೊನೆಯಲ್ಲಿ ಬೇಸನ್ನು ಅಪ್ಪಿಕೊಂಡು ನಿಲ್ಲುತ್ತಿದ್ದ. ಅದಕ್ಕೆ ಟ್ಯೂಬಾ ಎಂಬ ಹೆಸರಿದೆ ಎನ್ನುವುದು ನಮಗೆ ತಿಳಿದದ್ದು ಬಹಳ ತಡವಾಗಿ. ನಾವು ಬೇಸು ಎನ್ನುತ್ತಿದ್ದೆವು, ಮಕ್ಕಳು ಆನೆಪೀಪಿ ಎನ್ನುತ್ತಿದ್ದರು.

ಆ ಬೇಸನ್ನು ಅಜ್ಜ ತಂದದ್ದು ಮುಚ್ಚಿಹೋದ ಯಾವುದೋ ದಂಡಿನ ಬ್ಯಾಂಡಿನಿಂದ. ಅದರ ಜೊತೆ ಅದೇ ಕಾಲದ ಕಾರ್ನೆಟ್ಟು, ಕ್ಲಾರಿನೆಟ್ಟು, ಯುಫೋನಿಯಮ್ಮು ಎಲ್ಲ ಬಂದಿದ್ದವು. ಬೇಸಿಗೆ ಒಂದು ಮರದ ಪೆಟ್ಟಿಗೆ ಇತ್ತು, ಒಳಗೆ ಕೆಂಪು ಮಖಮಲ್ಲು. ಪೆಟ್ಟಿಗೆಯ ಮೂಲೆಯಲ್ಲಿ ಬೇರೆಯದೇ ಒಂದು ಗುಳಿ ಮಾಡಿ ಒಂದು ಹಿತ್ತಾಳೆ ಕೊಳವೆಯನ್ನು ಇಟ್ಟಿದ್ದರು. ಲಾಳದಂತೆ ಬಾಗಿದ, ಎರಡೂ ಕಡೆ ಉದ್ದ ಕಾಲುಗಳಿದ್ದ ಕೊಳವೆ. ಅದು ಯಾತಕ್ಕೆ ಎಂದು ಅಜ್ಜನಿಗೆ ಗೊತ್ತಿರಲಿಲ್ಲ. ಮಾರಿದವರೂ ಹೇಳಿರಲಿಲ್ಲ. ಹೊಸದರಂತೆ ಹೊಳೆಯುತ್ತಿತ್ತು, ಯಾರೂ ಅದರೊಳಗೆ ಊದಿದ ಗುರುತಿರಲಿಲ್ಲ.

ಅಜ್ಜ ಮಡಿ ಮೈಲಿಗೆಯ ಮನುಷ್ಯ. ಆಯುಧಪೂಜೆ ಬಂದಾಗ ಅವನಿಗೊಂದು ಸಂಕಟವಿತ್ತು. ಮೇಸ್ತ್ರಿ ಕರಣೆ ಇಡುತ್ತಾನೆ, ಡ್ರೈವರು ಲಾರಿ ನಿಲ್ಲಿಸುತ್ತಾನೆ, ನಾವು ಏನು ಇಡಬೇಕು? ನಮ್ಮ ಆಯುಧಗಳೆಲ್ಲ ಬಾಯಿಗೆ ಇಟ್ಟು ಊದಿದವು, ಒಳಗೆಲ್ಲ ಎಂಜಲು. ದೇವರ ಮಣೆಯ ಮೇಲೆ ಎಂಜಲಿಡುವುದು ಹೇಗೆ? ಕೊನೆಗೆ ಅಜ್ಜ ದಾರಿ ಕಂಡುಕೊಂಡ. ವಾದ್ಯಗಳನ್ನೆಲ್ಲ ಒರೆಸಿ ಗೋಡೆಗೆ ಒರಗಿಸಿಟ್ಟು, ಎಂಜಲಾಗದ ಆ ಒಂದು ಕೊಳವೆಯನ್ನು ಮಾತ್ರ ಮಣೆಯ ಮೇಲೆ ಇಟ್ಟ. ಅರಿಶಿನ, ಕುಂಕುಮ, ಸೇವಂತಿಗೆ, ಆರತಿ ಎಲ್ಲ ಅದಕ್ಕೆ. ಇಡೀ ಸೆಟ್ಟಿನ ಪರವಾಗಿ ಪೂಜೆ ಮಾಡಿಸಿಕೊಳ್ಳುವುದು ಅದರ ಕೆಲಸವಾಯಿತು. ಅಪ್ಪನ ಕಾಲಕ್ಕೆ ಅದು ದೇವರ ಗೂಡಿನಲ್ಲೇ ಕಾಯಂ ಉಳಿಯಿತು. ನನ್ನ ಕಾಲಕ್ಕೆ ಕುಂಕುಮ ಎಷ್ಟು ಮೆತ್ತಿತ್ತೆಂದರೆ ಹಿತ್ತಾಳೆ ಎಂದು ಹೇಳಿದರೂ ಯಾರೂ ನಂಬುತ್ತಿರಲಿಲ್ಲ.

ನಮ್ಮಲ್ಲಿ ಇನ್ನೊಂದು ಪದ್ಧತಿಯಿತ್ತು. ದಿಬ್ಬಣಕ್ಕೆ ಹೊರಡುವ ಮುಂಚೆ ಎಲ್ಲರೂ ಬೇಸಿನ ಎದುರು ನಿಂತು ಶ್ರುತಿ ತೆಗೆದುಕೊಳ್ಳಬೇಕು. ಅಣ್ಣ ಕಣ್ಣು ಮುಚ್ಚಿ ಕರಿ ಎರಡನ್ನು ಹಿಡಿಯುತ್ತಿದ್ದ. ಎದೆಗೆ ತಾಗುವ ಸ್ವರ ಅದು. ನಾವು ಒಬ್ಬೊಬ್ಬರೇ ಅದಕ್ಕೆ ಸೇರುತ್ತಿದ್ದೆವು. ಎಲ್ಲ ಸೇರಿದ ಮೇಲೆ ಅಣ್ಣ ನಿಲ್ಲಿಸಿ, "ಹ್ಞಾಂ, ಹೋಗನ," ಎನ್ನುತ್ತಿದ್ದ. ಅವನು ಹಾಗೆನ್ನದೆ ನಾವು ಹೊಸಿಲು ದಾಟುತ್ತಿರಲಿಲ್ಲ.

ಕಾಲ ಬದಲಾಯಿತು. ದಿಬ್ಬಣದವರು ಬರೀ ಬಾಜಾ ಸಾಲದು, ಗಾಡಿಯ ಮೇಲೆ ಕೀಬೋರ್ಡು ಬೇಕು, ಮೈಕಿನಲ್ಲಿ ಹಾಡುವವನು ಬೇಕು ಎನ್ನತೊಡಗಿದರು. ನಾನೂ ಬದಲಾದೆ. ಅಜ್ಜನ ಕಾಲದ ಕ್ಲಾರಿನೆಟ್ಟು, ಕಾರ್ನೆಟ್ಟುಗಳನ್ನೆಲ್ಲ ಗುಜರಿಗೆ ಹಾಕಿ ಮೀರತ್ತಿನಿಂದ ಹೊಸ ಸೆಟ್ಟು ತರಿಸಿದೆ. ಬೇಸನ್ನು ಮಾತ್ರ ಉಳಿಸಿಕೊಂಡೆ. ಅಷ್ಟು ದೊಡ್ಡ ಬಾಯಿಯ ವಾದ್ಯ ಮೆರವಣಿಗೆಯಲ್ಲಿ ನೋಡಲು ಚೆಂದ, ಫೋಟೋದಲ್ಲಿ ಎದ್ದು ಕಾಣುತ್ತದೆ.

ಮೊದಲ ದಿನವೇ ಅಪಶ್ರುತಿ. ಕೀಬೋರ್ಡು ಒಂದು ಕಡೆ, ಬೇಸು ಒಂದು ಕಡೆ. ಹೊಸ ವಾದ್ಯಗಳೆಲ್ಲ ಕೀಬೋರ್ಡಿಗೆ ಹೊಂದಿದವು, ಬೇಸು ಮಾತ್ರ ಮೇಲಕ್ಕೇರಿ ನಿಂತಿತ್ತು. ಅಣ್ಣ ಶ್ರುತಿ ಇಳಿಸಲು ಬೇಸಿನಲ್ಲೇ ಇದ್ದ ಜಾರುಕೊಳವೆಯನ್ನು ಹೊರಕ್ಕೆ ಎಳೆದ, ಇನ್ನಷ್ಟು ಎಳೆದ. ಇನ್ನೂ ಎಳೆದರೆ ಕಳಚಿ ಬೀಳುತ್ತಿತ್ತು. ಆದರೂ ಇಳಿಯಲಿಲ್ಲ.

ಅದೇ ವರ್ಷ ಅಣ್ಣ ಹಲ್ಲು ಕೀಳಿಸಿ ಕಟ್ಟಿಸಿಕೊಂಡಿದ್ದ. ಸರಿ, ಕಾರಣ ಸಿಕ್ಕಿತಲ್ಲ. ಕಟ್ಟಿದ ಹಲ್ಲಿನಲ್ಲಿ ತುಟಿ ನಿಲ್ಲುವುದಿಲ್ಲ ಎಂದೆ. ಸೆಟ್ಟಿನವರೆಲ್ಲ ತಲೆಯಾಡಿಸಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಅಣ್ಣನ ಮುಖಕ್ಕೇ ಅಂದೆ. ನೆಲವೇ ಡೊಂಕಾಗಿತ್ತು ಎನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಒಂದು ದಿನ ಅಣ್ಣ ಅಭ್ಯಾಸದ ಮಧ್ಯೆ ಬೇಸನ್ನು ಕೆಳಗಿಟ್ಟು ದೇವರ ಗೂಡಿನ ಕಡೆ ನೋಡಿದ.

"ತಮ್ಮಾ, ಆ ಕೊಳವೆ ಒಂದ್ಸಲ ಹಾಕಿ ನೋಡ್ಲಾ? ಕಾಲು ಸ್ವಲ್ಪ ಉದ್ದ ಇದ್ದಂಗೆ ಕಾಣ್ತದೆ."

ಇಡೀ ಸೆಟ್ಟು ಕೇಳುವ ಹಾಗೆ ಕೂಗಾಡಿದೆ. "ನಿನ್ನ ಹಲ್ಲು ಹೋಯ್ತು ಅಂತ ದೇವರನ್ನೂ ಎಂಜಲು ಮಾಡ್ತೀಯಾ? ಅಜ್ಜ ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದ್ದು ಇದಕ್ಕಾ?"

ಅಣ್ಣ ಬೇಸನ್ನು ಮತ್ತೆ ಎತ್ತಿಕೊಂಡ. ಅದನ್ನು ನಾನು ನನ್ನ ಗೆಲುವು ಎಂದುಕೊಂಡೆ.

ಆಮೇಲೆ ಹೊಸನಗರದ ಒಂದು ಮದುವೆ. ದಿಬ್ಬಣ ಕಲ್ಯಾಣಮಂಟಪದ ಬಾಗಿಲಿಗೆ ಬರುವಷ್ಟರಲ್ಲಿ ಹೆಣ್ಣಿನ ಕಡೆಯ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಸಂಗೀತ ಬಲ್ಲವರು. "ಎಂತ ಮಾಸ್ಟ್ರೆ, ನಿಮ್ ಬೇಸು ಬೇರೆ ಮದುವೆಗೆ ಹೊರಟಂಗಿದೆಯಲ್ಲ?" ಸುತ್ತ ಇದ್ದವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನೇರ ಅಣ್ಣನ ಹತ್ತಿರ ಹೋಗಿ ಹೇಳಿದೆ:

"ಇವತ್ತಿಂದ ನೀನು ಊದೋದು ಬೇಡ. ಹೆಗಲಿಗೆ ಹಾಕ್ಕೊಂಡು ನಡಿ. ಕೆನ್ನೆ ಉಬ್ಸು ಸಾಕು, ನೋಡೋರಿಗೆ ಊದ್ದಂಗೆ ಕಾಣ್ಬೇಕು."

ಅಣ್ಣ ನನ್ನನ್ನು ನೋಡಿದ. ಆಮೇಲೆ ಮೌತ್‌ಪೀಸನ್ನು ತುಟಿಗೆ ಇಟ್ಟುಕೊಂಡು ಕೆನ್ನೆ ಉಬ್ಬಿಸಿದ. ಸದ್ದಿಲ್ಲ. ಆ ವರ್ಷದ ಮದುವೆಗಳ ಕಾಲ ಮುಗಿಯುವವರೆಗೆ ಹಾಗೇ ನಡೆದ. ಗುಂಡಿಗಳನ್ನು ಸರಿಯಾಗಿ ತಾಳಕ್ಕೆ ಒತ್ತುತ್ತಿದ್ದ, ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ತೆಗೆದುಕೊಳ್ಳುತ್ತಿದ್ದ, ಒಂದು ಸ್ವರವನ್ನೂ ಊದುತ್ತಿರಲಿಲ್ಲ. ಕಾಲ ಮುಗಿದ ಮೇಲೆ ಬೇಸನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಅತ್ತಿಗೆಯ ಊರಾದ ತೀರ್ಥಹಳ್ಳಿಗೆ ಹೋಗಿಬಿಟ್ಟ. ಅಲ್ಲಿ ಅತ್ತಿಗೆಯ ತಮ್ಮನ ಪಾತ್ರೆ ಅಂಗಡಿಯಲ್ಲಿ ಕೂರುತ್ತಿದ್ದ. ಆರು ವರ್ಷ ಹಾಗೆ ಕಳೆದು, ಹೋದ ವರ್ಷ ಒಂದು ಮಧ್ಯಾಹ್ನ ಅಂಗಡಿಯಲ್ಲೇ ಕೂತಲ್ಲಿ ಹೋದ.

ಹದಿಮೂರು ದಿನ ಕಳೆದ ಮೇಲೆ ಯಾರೋ ನನಗೆ ಒಂದು ವಿಡಿಯೋ ಕಳಿಸಿದರು. ಅವರ ಮದುವೆಯ ದಿಬ್ಬಣ, ನಿಮ್ಮಣ್ಣ ಎಷ್ಟು ಚೆನ್ನಾಗಿ ಕಾಣ್ತಾರೆ ನೋಡಿ ಎಂದು. ನೋಡಿದೆ. ಕೀಬೋರ್ಡು, ಡ್ರಮ್ಮು, ನನ್ನ ಕ್ಲಾರಿನೆಟ್ಟು ಎಲ್ಲ ಕೇಳುತ್ತದೆ. ಹಿಂದೆ ಅಣ್ಣ ಬರುತ್ತಾನೆ, ಕೆನ್ನೆ ಉಬ್ಬಿದೆ, ಬೆರಳು ಆಡುತ್ತಿದೆ. ಕ್ಯಾಮೆರಾ ಅವನ ಹತ್ತಿರಕ್ಕೆ ಹೋದಷ್ಟೂ ಅಲ್ಲಿಂದ ಏನೂ ಕೇಳುವುದಿಲ್ಲ. ವಿಡಿಯೋ ಅಳಿಸಿದೆ. ಮಾರನೇ ದಿನ ಗಿರಣಿಯಲ್ಲಿ ಕರಿ ಎರಡು ಕೇಳಿತು.

ಈ ವರ್ಷ ಹೆಗ್ಗೋಡಿನಲ್ಲಿ ನಾಟಕವೊಂದಕ್ಕೆ ಸಂಗೀತ ಮಾಡಲು ಬಂದಿದ್ದ ಹೆಂಗಸೊಬ್ಬರು ನಮ್ಮ ಮನೆ ಹುಡುಕಿಕೊಂಡು ಬಂದರು. ಅವರಿಗೆ ತಳದ ಸ್ವರವೊಂದು ಬೇಕಿತ್ತಂತೆ, ಯಾರೋ ನಮ್ಮ ಬೇಸಿನ ವಿಷಯ ಹೇಳಿದ್ದರಂತೆ. ಪೆಟ್ಟಿಗೆ ತೆಗೆದುಕೊಟ್ಟೆ. ಅವರು ಬೇಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಸುವನ್ನು ಪರೀಕ್ಷಿಸುವ ಡಾಕ್ಟರಂತೆ ಎಲ್ಲ ಕಡೆ ತಡವಿದರು. ನನಗೆ ಸಿಟ್ಟು ಬಂತು. ನಮ್ಮ ಮನೆಯ ವಾದ್ಯ, ಇವರೇನು ನೋಡುವುದು?

ಅವರು ಫೋನಿನಲ್ಲಿ ಹಳೆಯ ಕ್ಯಾಟಲಾಗಿನ ಪುಟಗಳನ್ನು ತೋರಿಸಿದರು. ಇಪ್ಪತ್ತನೇ ಶತಮಾನ ಶುರುವಾದ ಕಾಲದ್ದು, ಬೇಸುಗಳ ಚಿತ್ರಗಳು ಸಾಲಾಗಿ. ಆ ಕಾಲದಲ್ಲಿ ಬೇಸು ಹೀಗೇ ಇರಬೇಕು ಎಂದು ಯಾರೂ ತೀರ್ಮಾನಿಸಿರಲಿಲ್ಲವಂತೆ. ಒಂದೊಂದು ದೇಶಕ್ಕೆ ಒಂದೊಂದು ಹಟ. ಹಾರ್ಮೋನಿಯಂ ಲೆಕ್ಕದಲ್ಲಿ ಹೇಳಿ ಎಂದೆ, ಹೇಳಿದರು. ಜರ್ಮನಿಯ ದೊಡ್ಡ ವಾದ್ಯಗೋಷ್ಠಿಗಳಿಗೆ ಬಿಳಿ ನಾಲ್ಕರ ಬೇಸು ಬೇಕು, ಅದಕ್ಕೆ ಒತ್ತಿದರೆ ತಿರುಗುವ ವಾಲ್ವು. ಇಂಗ್ಲಿಷರ ದಂಡಿಗೆ ಕರಿ ಎರಡು, ಅದಕ್ಕೆ ಮೇಲೆ ಕೆಳಗೆ ಆಡುವ ಗುಂಡಿ. ಫ್ರೆಂಚರದು ಬಿಳಿ ಒಂದರ ಪುಟ್ಟ ಬೇಸು, ಆರು ಗುಂಡಿ. ಅಮೆರಿಕದವರಿಗೆ ಕರಿ ಐದರದ್ದು, ಕೋಣದಂಥದ್ದು. ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಸ್ವರ ಏರುತ್ತದೆಂದು ಒಬ್ಬರು ವಾಲ್ವಿನ ಹಿಂದೆ ಪುಟ್ಟ ಕೊಳವೆಗಳನ್ನು ಸುತ್ತಿ ಸರಿಮಾಡಿದರಂತೆ, ಇನ್ನೊಬ್ಬರು ನಾಲ್ಕನೇ ಗುಂಡಿ ಸೇರಿಸಿದರಂತೆ. ಬಾಯಿ ಆಕಾಶಕ್ಕಿರಬೇಕೋ ಮುಂದಕ್ಕಿರಬೇಕೋ, ಹೆಗಲ ಸುತ್ತ ಹಾಕಿಕೊಳ್ಳುವಂತಿರಬೇಕೋ ಎಂದು ಕೊಳ್ಳುವವನೇ ಬರೆದು ಕಳಿಸಬೇಕಿತ್ತು. ನನ್ನ ಸಿಟ್ಟು ಇಳಿದಿತ್ತು. ಅಣ್ಣ ಇದ್ದಿದ್ದರೆ ಊಟ ಬಿಟ್ಟು ಕೇಳುತ್ತಿದ್ದ ಎನ್ನಿಸಿತು.

"ಇನ್ನೂ ಒಂದನ್ನ ಬರೀಬೇಕಿತ್ತು," ಎಂದರು ಅವರು. "ಶ್ರುತಿ. ಆಗ ಎರಡು ಶ್ರುತಿ ಇತ್ತು. ದಂಡಿನ ಬ್ಯಾಂಡುಗಳದ್ದು ಏರು ಶ್ರುತಿ, ಈಗ ನಾವೆಲ್ಲ ಬಳಸೋದಕ್ಕಿಂತ ಹೆಚ್ಚುಕಡಿಮೆ ಅರ್ಧ ಮನೆಯಷ್ಟು ಮೇಲೆ." ಬೇಸಿನ ವಾಲ್ವಿನ ಕೆಳಗೆ ಸವೆದ ಎರಡು ಇಂಗ್ಲಿಷ್ ಅಕ್ಷರಗಳನ್ನು ಉಗುರಿನಿಂದ ತೋರಿಸಿದರು, ಎಚ್ ಮತ್ತು ಪಿ. "ಹೈ ಪಿಚ್. ನಿಮ್ಮದು ಏರು ಶ್ರುತಿಯ ಬೇಸು. ಈಗಿನ ಕೀಬೋರ್ಡಿನ ಜೊತೆ ಇದು ಸೇರೋದೇ ಇಲ್ಲ, ಯಾರು ಊದಿದರೂ."

ಯಾರು ಊದಿದರೂ. ನಾನು ಗುಜರಿಗೆ ಹಾಕಿದ ಅಜ್ಜನ ವಾದ್ಯಗಳೆಲ್ಲ ಅದೇ ಏರು ಶ್ರುತಿಯವು, ಅದಕ್ಕೇ ಅಷ್ಟು ವರ್ಷ ಬೇಸು ಅವುಗಳಿಗೆ ಸೇರಿತ್ತು.

ಅವರು ಮುಂದುವರಿಸಿದರು. "ಆದರೆ ಅದಕ್ಕೂ ದಾರಿ ಮಾಡಿದ್ದರು. ಎಷ್ಟೋ ಬೇಸುಗಳ ಜೊತೆ ಉದ್ದ ಕಾಲಿನ ಇನ್ನೊಂದು ಕೊಳವೆ ಕೊಡೋರು. ಇರೋದನ್ನ ತೆಗೆದು ಅದನ್ನ ಹಾಕಿದರೆ ಶ್ರುತಿ ಇಳಿಯುತ್ತೆ. ಈ ಪೆಟ್ಟಿಗೆಯಲ್ಲಿ ಅದರ ಜಾಗ ಇದೆ, ನೋಡಿ. ಕೊಳವೆ ಇದೆಯಾ?"

ನಾನು ಇಲ್ಲ ಎಂದೆ. ಯಾಕೆ ಹಾಗೆಂದೆನೋ. ನಾಚಿಕೆ ಇರಬೇಕು. ದೇವರ ಗೂಡು ನನ್ನ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿತ್ತು. ಅವರು ನಾಲ್ಕು ಫೋಟೋ ತೆಗೆದುಕೊಂಡು, ಚಹಾ ಕುಡಿದು ಹೋದರು.

ಅವರ ಕಾರು ತಿರುವು ದಾಟಿದ ಮೇಲೆ ಕೊಳವೆಯನ್ನು ಗೂಡಿನಿಂದ ತೆಗೆದೆ. ಹುಣಸೆಹಣ್ಣು ಹಾಕಿ ತಿಕ್ಕಿದೆ. ಮೂರು ತಲೆಮಾರಿನ ಕುಂಕುಮ ಕೆಂಪು ನೀರಾಗಿ ಹಿತ್ತಲಿಗೆ ಹರಿಯಿತು. ಕೆಳಗೆ ಎಲ್ ಮತ್ತು ಪಿ, ಇಳಿ ಶ್ರುತಿಯ ಎರಡು ಅಕ್ಷರಗಳಿದ್ದವು, ಸವೆಯದೆ, ನಿನ್ನೆ ಕೊರೆದ ಹಾಗೆ. ಬೇಸಿನಲ್ಲಿದ್ದ ಕೊಳವೆಯ ಪಕ್ಕ ಹಿಡಿದು ನೋಡಿದೆ. ಇದರ ಕಾಲುಗಳು ಅದಕ್ಕಿಂತ ಮೂರು ಬೆರಳು ಹೆಚ್ಚು ಉದ್ದ. ಅಣ್ಣ ಹೇಳಿದ ಹಾಗೇ.

ಹುಣಸೆಹಣ್ಣಿಗೂ ಬಿಡದೆ ಕಾಲುಗಳ ತುದಿ ಇನ್ನೂ ಜಾರುತ್ತಿತ್ತು. ಮೂಸಿದೆ. ಜೇನುಮೇಣ ಮತ್ತು ಕೊಬ್ಬರಿ ಎಣ್ಣೆ. ವಾದ್ಯಕ್ಕೆ ಹಚ್ಚಲು ಅಂಗಡಿಯ ಗ್ರೀಸು ಆಗದು ಎಂದು ಅದನ್ನು ಕಾಸಿ ಮಾಡಿಕೊಳ್ಳುತ್ತಿದ್ದವನು ನಮ್ಮಲ್ಲಿ ಅಣ್ಣನೊಬ್ಬನೇ. ಯಾರೂ ಊದದ ಕೊಳವೆಯ ಕಾಲಿಗೆ ಆ ಮೇಣ ಹೇಗೆ ಬಂತು? ಹಳೆಯದನ್ನು ಎಳೆದು ತೆಗೆದು ಇದನ್ನು ಬೇಸಿಗೆ ಹಾಕಿದೆ. ಮನೆಯ ಬಾಗಿಲಿನ ಬೋಲ್ಟು ಕೂರುವ ಹಾಗೆ ಕೂತಿತು. ನನ್ನ ಕ್ಲಾರಿನೆಟ್ಟಿನ ತುಟಿ ಬೇಸಿಗೆ ಬಗ್ಗುವುದಿಲ್ಲ, ಹೇಗೋ ಒಂದು ಸ್ವರ ತೆಗೆದೆ. ಫೋನಿನ ಮುಳ್ಳು ನಟ್ಟ ನಡುವೆ ಬಂದು ನಿಂತಿತು. ನಾನು ಊದುವುದನ್ನು ನಿಲ್ಲಿಸಿದ ಮೇಲೂ ಕೋಣೆಯಲ್ಲಿ ಇನ್ನೊಂದು ಸ್ವರ ಇತ್ತು, ಸ್ವಲ್ಪ ಮೇಲಿನದು. ಮುಳ್ಳು ಅಲ್ಲಾಡಲಿಲ್ಲ. ನನಗೆ ಕೇಳುತ್ತಿತ್ತು.

ಮಾರನೇ ದಿನ ಬೆಳಗಿನ ಬಸ್ಸಿಗೆ ತೀರ್ಥಹಳ್ಳಿಗೆ ಹೋದೆ. ಅತ್ತಿಗೆ ಜಗಲಿಯಲ್ಲಿ ಸಂಡಿಗೆ ಒಣಗಿಸುತ್ತಿದ್ದರು. ಕೊಳವೆಯನ್ನು ಚೀಲದಿಂದ ತೆಗೆದು ಅವರ ಎದುರಿಗಿಟ್ಟೆ. ಅವರು ಅದನ್ನು ನೋಡಿದರು, ನನ್ನನ್ನೂ ನೋಡಿದರು, ಸಂಡಿಗೆ ತಿರುವಿ ಹಾಕುವುದನ್ನು ಬಿಡಲಿಲ್ಲ.

"ಈಗ ಗೊತ್ತಾಯ್ತಾ?" ಎಂದರು.

"ಅಣ್ಣ ಇದನ್ನ ಹಾಕಿ ನೋಡಿದ್ನಾ ಅತ್ತಿಗೆ?"

"ನೋಡಿದ್ರು. ಹೊಸನಗರದ ಮದುವೆ ಆಗಿ ಮೂರ್ನಾಲ್ಕು ದಿನಕ್ಕೆ. ನೀವು ಕೀಬೋರ್ಡು ರಿಪೇರಿಗೆ ಅಂತ ಶಿವಮೊಗ್ಗಕ್ಕೆ ಹೋಗಿದ್ರಿ. ನಾನು ಬಾಗ್ಲಲ್ಲಿ ಕಾವಲು ನಿಂತಿದ್ದೆ, ಕಳ್ಳರ ಹಂಗೆ. ಸರಿ ಬಂತು ಅಂತ ಅವ್ರ ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಒರ್ಸಿ, ಕೆರೆದಿದ್ದ ಕಾಲಿಗೆ ಮಾತ್ರ ಮೇಲಿಂದ ಮತ್ತೆ ಕುಂಕುಮ ಹಚ್ಚಿ ಇಟ್ರು."

ಹಾಗಾದರೆ ಅಣ್ಣನಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಕಾಲವೆಲ್ಲ ಕೆನ್ನೆ ಉಬ್ಬಿಸಿಕೊಂಡು ನನ್ನ ಹಿಂದೆ ನಡೆದಿದ್ದ. ಆರೇಳು ವರ್ಷ ನಾನು ಎಂಜಲಿಗೆ ಆರತಿ ಎತ್ತಿದ್ದೆ. ದೇವರಿಗೆ ಅದರಿಂದ ಏನೂ ಬೇಸರವಾದಂತೆ ಕಾಣಲಿಲ್ಲ. ಬೇಸರವೆಲ್ಲ ನನಗೊಬ್ಬನಿಗೇ ಮೀಸಲಿತ್ತು.

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?" ಎಂದೆ. ನನ್ನ ದನಿ ಏರಿತ್ತು. ಸತ್ತವನ ಮೇಲೂ ನನಗೆ ಸಿಟ್ಟೇ ಬರುವುದು. "ನನ್ನ ಮುಖಕ್ಕೆ ಹಿಡಿಬೌದಿತ್ತಲ್ಲ?"

"ನಾನೂ ಅದೇ ಅಂದೆ. 'ಎಲ್ಲರ ಎದುರು ಅಂದಿದಾನೆ. ಅವ್ನು ಒಂದು ಮಾತು ಕೇಳ್ಲಿ, ಹೇಳ್ತೀನಿ' ಅಂದ್ರು. ನೀವು ಹಬ್ಬಕ್ಕೆ ಬರೋ ದಿನ ಬೆಳಿಗ್ಗೆಯಿಂದ ಬಾಗ್ಲು ನೋಡ್ತಾ ಕೂತಿರ್ತಿದ್ರು. ನೀವು ಹೋದ್ಮೇಲೆ, 'ಇವತ್ತೂ ಕೇಳ್ಲಿಲ್ಲ ಕಣೆ' ಅಂತಿದ್ರು."

ಅತ್ತಿಗೆ ಊಟಕ್ಕೆ ಎಬ್ಬಿಸಿದರು. ನಾನು ಬೇಡವೆನ್ನಲಿಲ್ಲ. ಆ ಮನೆಗೆ ಆರು ವರ್ಷ ಯುಗಾದಿಗೂ ದೀಪಾವಳಿಗೂ ಹೋಗಿದ್ದೇನೆ. ಪ್ರತಿ ಸಲ ಅಣ್ಣನ ಪಕ್ಕದ ಎಲೆಯಲ್ಲೇ ಕೂತಿದ್ದೇನೆ. ಶುಗರ್ ಎಷ್ಟಿದೆ, ಅಂಗಡಿ ವ್ಯಾಪಾರ ಹೇಗೆ, ತುಂಗೆಯಲ್ಲಿ ನೀರು ಬಂತಾ ಎಂದು ಬಾಯಿತುಂಬ ಕೇಳಿದ್ದೇನೆ. ಅವನು ಪ್ರತಿಯೊಂದಕ್ಕೂ ಉತ್ತರ ಹೇಳಿ, ಇನ್ನೇನಾದರೂ ಕೇಳುತ್ತೀಯಾ ಎನ್ನುವಂತೆ ನನ್ನ ಮುಖ ನೋಡುತ್ತಿದ್ದ. ಬೇಸು ಯಾಕಣ್ಣ ಏರುತ್ತಿತ್ತು ಎಂದು ಒಂದು ಸಲವೂ ಕೇಳಲಿಲ್ಲ.